ಕಮ್ಯುನಿಟಿ ಕಾಲೇಜಿನಿಂದ ಯುಸಿ ಆಸ್ಟ್ರೋಫಿಸಿಕ್ಸ್‌ಗೆ: ಮಗಳ ಎರಡು ವರ್ಷದ ಪ್ಲಾನ್ ಸ್ವಲ್ಪ ನೋಡಿ ಹೇಳುವಿರಾ?

ಹಾಸನದಮ್ಮ_ಸನಿವೇಲ್

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇವೆ. ಮಗಳಿಗೆ 18 ವರ್ಷ, ಈ ಬೇಸಿಗೆಯಲ್ಲಿ ಹೈಸ್ಕೂಲ್ ಮುಗಿಯಿತು. ಎಂಟನೇ ಕ್ಲಾಸಿನಲ್ಲಿ ಅವಳನ್ನು ಮೌಂಟ್ ಹ್ಯಾಮಿಲ್ಟನ್ ಮೇಲಿರುವ ಲಿಕ್ ವೀಕ್ಷಣಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ 1888ರ ಆ ದೊಡ್ಡ 36 ಇಂಚಿನ ದೂರದರ್ಶಕ ನೋಡಿ ಬಂದ ಮೇಲೆ ಅವಳ ಬಾಯಲ್ಲಿ ಬೇರೆ ಮಾತೇ ಇಲ್ಲ. ನಕ್ಷತ್ರಗಳನ್ನೇ ಓದಬೇಕು ಅನ್ನುತ್ತಾಳೆ.

ನೇರವಾಗಿ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಹಲವು ಕ್ಯಾಂಪಸ್ ಇರುವ ರಾಜ್ಯದ ವಿಶ್ವವಿದ್ಯಾಲಯ) ಅರ್ಜಿ ಹಾಕಿದ್ದೆವು. ಬೇಕಾದ ಕ್ಯಾಂಪಸ್ ಸಿಗಲಿಲ್ಲ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಡಿ ಆಂಜಾ ಕಮ್ಯುನಿಟಿ ಕಾಲೇಜು (ಡಿಗ್ರಿಯ ಮೊದಲ ಎರಡು ವರ್ಷದ ಪಾಠ ಇರುವ ಕಾಲೇಜು) ಸೇರಿ, ಎರಡು ವರ್ಷ ಆದ ಮೇಲೆ ಯುಸಿಗೆ ಟ್ರಾನ್ಸ್‌ಫರ್ ಆಗುವುದು ಅಂತ ತೀರ್ಮಾನ ಮಾಡಿದ್ದೇವೆ. ಊರಿನಲ್ಲಿ ಅತ್ತೆ, ಮಾವ "ಯಾವ ಯೂನಿವರ್ಸಿಟಿ?" ಅಂತ ಕೇಳಿದಾಗ ಮಗಳು ಸುಮ್ನೆ ಎದ್ದು ಹೋಗುತ್ತಾಳೆ. ಅದು ನನಗೆ ತುಂಬಾ ನೋವಾಗುತ್ತದೆ.

ಮೊದಲ ಕ್ವಾರ್ಟರ್‌ಗೆ (ಸುಮಾರು ಮೂರು ತಿಂಗಳ ಪಾಠದ ಅವಧಿ) ಅವಳೇ ಪಟ್ಟಿ ಮಾಡಿದ್ದಾಳೆ: ಎರಡು ಆಸ್ಟ್ರಾನಮಿ ಕೋರ್ಸ್, ಇಂಗ್ಲಿಷ್, ಒಂದು ಇತಿಹಾಸದ ಕೋರ್ಸ್. ಗಣಿತ ಜನವರಿಯಿಂದ ಶುರು ಮಾಡುತ್ತಾಳಂತೆ, ಮೊದಲು ಕಾಲೇಜಿಗೆ ಹೊಂದಿಕೊಳ್ಳಲಿ ಅಂತ. ಹೈಸ್ಕೂಲಿನಲ್ಲಿ ಪ್ರೀಕ್ಯಾಲ್ಕುಲಸ್‌ವರೆಗೆ ಆಗಿದೆ, ಫಿಸಿಕ್ಸ್ ಒಂದು ವರ್ಷ ಆಗಿದೆ. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಯಾವುದೂ ಇಲ್ಲ. ಇದು ಸರೀನಾ? ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬೆಟ್ಟದ_ದಾರಿ

ಅಕ್ಕ, ನಾನು ಇದೇ ದಾರಿಯಲ್ಲಿ ಹೋದವನು. ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನಿಂದ ಯುಸಿಯ ಬರ್ಕ್ಲಿ ಕ್ಯಾಂಪಸ್‌ಗೆ ಟ್ರಾನ್ಸ್‌ಫರ್ ಆಗಿ ಆಸ್ಟ್ರೋಫಿಸಿಕ್ಸ್ ಮುಗಿಸಿದೆ. ಮೊದಲು ಒಂದು ಮಾತು. ಊರಿನವರಿಗೆ ಹೀಗೆ ಹೇಳಿ: ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಇಂಜಿನಿಯರಿಂಗ್ ಸೇರುತ್ತಾರಲ್ವಾ, ಇಲ್ಲಿ ನೇರ ಮೂರನೇ ವರ್ಷಕ್ಕೆ ಸೇರುತ್ತಾರೆ. ಕೊನೆಗೆ ಸಿಗುವ ಡಿಗ್ರಿ ಒಂದೇ.

ಈಗ ಪಟ್ಟಿಯ ವಿಷಯ. ಗಣಿತ ಇಲ್ಲದ ಮೊದಲ ಕ್ವಾರ್ಟರ್ ಬೇಡ. ಖಂಡಿತ ಬೇಡ. ಎರಡು ಆಸ್ಟ್ರಾನಮಿ ಕೋರ್ಸ್ ತೆಗೆದು ಅಲ್ಲಿ ಕ್ಯಾಲ್ಕುಲಸ್ ಹಾಕಿ.

ಯಾಕೆ ಅಂದರೆ, ಕಮ್ಯುನಿಟಿ ಕಾಲೇಜಿನ ಆರಂಭದ ಆಸ್ಟ್ರಾನಮಿ ಕೋರ್ಸ್‌ಗಳು ಎಲ್ಲ ವಿಷಯದ ಮಕ್ಕಳಿಗೂ ಇರುವಂಥವು. ಗಣಿತ ಬಹಳ ಕಡಿಮೆ. ಚೆನ್ನಾಗಿರುತ್ತವೆ, ಆದರೆ ಮೇಜರ್‌ಗೆ (ಡಿಗ್ರಿಯ ಮುಖ್ಯ ವಿಷಯಕ್ಕೆ) ಲೆಕ್ಕಕ್ಕೆ ಬರುವುದಿಲ್ಲ, ಎಲ್ಲರೂ ಓದಬೇಕಾದ ಸಾಮಾನ್ಯ ಶಿಕ್ಷಣದ ವಿಜ್ಞಾನದ ಜಾಗ ತುಂಬುತ್ತವೆ ಅಷ್ಟೇ. ಯೂನಿವರ್ಸಿಟಿ ನೋಡುವುದು ಗಣಿತ ಮತ್ತು ಕ್ಯಾಲ್ಕುಲಸ್ ಬಳಸುವ ಫಿಸಿಕ್ಸ್. ಇವೆರಡೂ ಸರಪಳಿ ಇದ್ದ ಹಾಗೆ. ಒಂದು ಮುಗಿಯದೆ ಇನ್ನೊಂದಕ್ಕೆ ಸೇರಿಸುವುದಿಲ್ಲ.

ಡಿ ಆಂಜಾದಲ್ಲಿ ಗಣಿತ 1ಎ, 1ಬಿ, 1ಸಿ, 1ಡಿ ನಾಲ್ಕು ಕ್ವಾರ್ಟರ್ ಕ್ಯಾಲ್ಕುಲಸ್. ಆಮೇಲೆ 2ಎ ಡಿಫರೆನ್ಷಿಯಲ್ ಈಕ್ವೇಶನ್ಸ್, 2ಬಿ ಲಿನಿಯರ್ ಆಲ್ಜೀಬ್ರಾ. ಫಿಸಿಕ್ಸ್‌ನಲ್ಲಿ 4ಎಯಿಂದ 4ಡಿವರೆಗೆ ನಾಲ್ಕು. ಎರಡು ವರ್ಷಕ್ಕೆ ಇರುವುದು ಆರು ಕ್ವಾರ್ಟರ್. ಈಗ ಲೆಕ್ಕ ಹಾಕಿ. ಫಾಲ್‌ನಲ್ಲಿ (ಸೆಪ್ಟೆಂಬರ್‌ನಿಂದ) 1ಎ. ವಿಂಟರ್‌ನಲ್ಲಿ (ಜನವರಿಯಿಂದ) 1ಬಿ ಜೊತೆ ಫಿಸಿಕ್ಸ್ 4ಎ. ಸ್ಪ್ರಿಂಗ್‌ನಲ್ಲಿ 1ಸಿ ಮತ್ತು 4ಬಿ. ಎರಡನೇ ವರ್ಷ ಫಾಲ್‌ನಲ್ಲಿ 1ಡಿ ಮತ್ತು 4ಸಿ, ವಿಂಟರ್‌ನಲ್ಲಿ 2ಎ ಮತ್ತು 4ಡಿ, ಸ್ಪ್ರಿಂಗ್‌ನಲ್ಲಿ 2ಬಿ. ಸರಿಯಾಗಿ ಆರಕ್ಕೆ ಆರು. ಎಲ್ಲೂ ಸಡಿಲ ಇಲ್ಲ.

ಜನವರಿಯಲ್ಲಿ ಶುರು ಮಾಡಿದರೆ ಏನಾಗುತ್ತದೆ? ಕೊನೆಯ ಸ್ಪ್ರಿಂಗ್‌ನಲ್ಲಿ 2ಎ, 2ಬಿ, 4ಡಿ ಮೂರೂ ಒಂದೇ ಸಲ ತಲೆ ಮೇಲೆ ಬೀಳುತ್ತವೆ. ಅಡ್ಮಿಷನ್ ಸಿಕ್ಕಿದ ಮೇಲೂ ಆ ಗ್ರೇಡುಗಳನ್ನು ನೋಡುತ್ತಾರೆ. ನಡುವೆ ಒಂದು ಕೋರ್ಸ್ ಸೀಟು ಸಿಗದೆ ಹೋದರೂ ಇನ್ನೊಂದು ವರ್ಷ ಹೋಯಿತು.

ಹಾಸನದಮ್ಮ_ಸನಿವೇಲ್

ಅಯ್ಯೋ, ಇದನ್ನು ಯಾರೂ ಹೇಳಿರಲಿಲ್ಲ. ಈಗ ಮಗಳಿಗೆ ಓದಿ ಹೇಳಿದೆ. "ಆಸ್ಟ್ರೋಫಿಸಿಕ್ಸ್ ಓದೋಕೆ ಹೋಗಿ ಒಂದೂ ಆಸ್ಟ್ರಾನಮಿ ಕೋರ್ಸ್ ಇಲ್ಲದೆ ಹೇಗೆ?" ಅಂತ ಕೇಳುತ್ತಿದ್ದಾಳೆ. ಮತ್ತೆ ಅವಳಿಗೆ ಗಣಿತ ಸ್ವಲ್ಪ ಭಯ.

ನಂಜನಗೂಡು_ರಸಬಾಳೆ

ಮೇಡಂ, ನಾನು ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ ಈಗ ಒಂದು ಯುಸಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಟಿಎ (ಪಾಠದಲ್ಲಿ ಪ್ರೊಫೆಸರ್‌ಗೆ ನೆರವಾಗುವ) ಕೆಲಸ ಮಾಡುವುದರಿಂದ ಪ್ರತಿ ವರ್ಷ ಟ್ರಾನ್ಸ್‌ಫರ್ ಆಗಿ ಬಂದ ಮಕ್ಕಳನ್ನು ಹತ್ತಿರದಿಂದ ನೋಡುತ್ತೇನೆ. ಮಗಳ ಪ್ರಶ್ನೆ ತುಂಬಾ ನ್ಯಾಯವಾದದ್ದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಕ್ಷತ್ರದ ಒಳಗೆ ಏನು ನಡೆಯುತ್ತಿದೆ ಅಂತ ಬರೆಯಲು ಕೂತರೆ ಮೊದಲ ಪುಟದಲ್ಲೇ ಡಿಫರೆನ್ಷಿಯಲ್ ಈಕ್ವೇಶನ್ ಬರುತ್ತದೆ. ಗುರುತ್ವ ಒಳಗೆ ಎಳೆಯುತ್ತದೆ, ಒತ್ತಡ ಹೊರಗೆ ತಳ್ಳುತ್ತದೆ. ಕೇಂದ್ರದಿಂದ ಹೊರಗೆ ಹೋದ ಹಾಗೆ ಒತ್ತಡ ಹೇಗೆ ಇಳಿಯುತ್ತದೆ ಅನ್ನುವುದೇ ಆ ಸಮೀಕರಣ. 2ಎ ಓದದವರಿಗೆ ಅದು ಬರೀ ಚಿಹ್ನೆಗಳು. ನಕ್ಷತ್ರದ ಬೆಳಕಿನಲ್ಲಿ ಕಾಣುವ ಗೆರೆಗಳಿಂದ ಅದರ ಬಿಸಿ ಎಷ್ಟು ಅಂತ ಹೇಳುವುದಕ್ಕೆ ಮೇಘನಾದ ಸಹಾ ಅವರು 1920ರಲ್ಲಿ ಕೊಟ್ಟ ಸಮೀಕರಣವನ್ನು ಇಂದಿಗೂ ಕಲಿಸುತ್ತೇವೆ. ಅದು ಅರ್ಥವಾಗಬೇಕಾದರೆ ಶಾಖದ ಪಾಠವೂ ಬೇಕು, ಪರಮಾಣುವಿನ ಪಾಠವೂ ಬೇಕು. ಅವೆಲ್ಲ 4ಸಿ, 4ಡಿ ಕಡೆ ಬರುವ ವಿಷಯ. ಅಂದರೆ ಅವಳು ಗಣಿತ ಮತ್ತು ಫಿಸಿಕ್ಸ್ ಓದುವಾಗ ಖಗೋಳವನ್ನು ಬಿಟ್ಟು ಬೇರೆ ಏನೋ ಓದುತ್ತಿಲ್ಲ. ಅದನ್ನೇ ಓದುತ್ತಿದ್ದಾಳೆ.

ಬರ್ಕ್ಲಿಯಲ್ಲಿ ರೇಡಿಯೋ ಖಗೋಳದ ಒಂದು ಲ್ಯಾಬ್ ಕೋರ್ಸ್ ಇದೆ. ನಮ್ಮ ಆಕಾಶಗಂಗೆಯ ಹೈಡ್ರೋಜನ್ ಕಳಿಸುವ 21 ಸೆಂಟಿಮೀಟರ್ ತರಂಗವನ್ನು ಮಕ್ಕಳೇ ಹಿಡಿಯುತ್ತಾರೆ. ಅದನ್ನು ಕಂಡ ದಿನ ಅವರ ಮುಖ ನೋಡಬೇಕು! ಆದರೆ ಆ ಲ್ಯಾಬಿನ ಹೆಚ್ಚಿನ ಹೊತ್ತು ಹೋಗುವುದು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಕೋಡ್ ಬರೆಯುವುದರಲ್ಲಿ. ಅದಕ್ಕೇ ಹೇಳುವುದು, ಆಸ್ಟ್ರಾನಮಿ ತೆಗೆದ ಜಾಗದಲ್ಲಿ ಒಂದು ಪೈಥಾನ್ ಕೋರ್ಸ್ ಹಾಕಿ. ಹಲವು ಕ್ಯಾಂಪಸ್‌ಗಳು ಕಡ್ಡಾಯ ಮಾಡಿರುವುದಿಲ್ಲ. ಆದರೂ ಇಲ್ಲಿಗೆ ಬಂದು ಕಷ್ಟಪಡುವ ಮಕ್ಕಳು ಹೆಚ್ಚಾಗಿ ಕೋಡಿಂಗ್ ಗೊತ್ತಿಲ್ಲದೆ ಬಂದವರು.

ಒಂದೇ ಒಂದು ಆಸ್ಟ್ರಾನಮಿ ಕೋರ್ಸ್ ಇಟ್ಟುಕೊಳ್ಳಲಿ, ಮೊದಲ ವರ್ಷದಲ್ಲಿ. ಆಸೆ ಬತ್ತಬಾರದು, ಅದೂ ಮುಖ್ಯ. ಡಿ ಆಂಜಾದಲ್ಲೇ ತಾರಾಲಯ ಇದೆ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜಿನಲ್ಲಿ ವೀಕ್ಷಣಾಲಯ ಇದೆ. ನೀವಿರುವ ಜಾಗ ಈ ವಿಷಯಕ್ಕೆ ತುಂಬಾ ಒಳ್ಳೆಯದು.

ಬೆಟ್ಟದ_ದಾರಿ

ರಸಬಾಳೆ ಅವರು ಹೇಳಿದ್ದು ಪೂರ್ತಿ ನಿಜ. ನಾನು ಅಸಿಸ್ಟ್ ಬಗ್ಗೆ ಹೇಳುವುದು ಮರೆತೆ. ಅಕ್ಕ, ಅಸಿಸ್ಟ್ ಅಂತ ರಾಜ್ಯದ ವೆಬ್‌ಸೈಟ್ ಇದೆ. ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸ್ ಯಾವ ಯುಸಿಯ ಯಾವ ಕೋರ್ಸಿಗೆ ಸಮ ಅಂತ ಅದರಲ್ಲಿರುತ್ತದೆ. ಯಾರೇ ಏನೇ ಹೇಳಲಿ, ನಾನು ಹೇಳಿದ್ದನ್ನೂ ಸೇರಿಸಿ, ಅಲ್ಲಿ ಹೋಗಿ ಸರಿನೋಡಿ. ಡಿ ಆಂಜಾ ಆರಿಸಿ, ಒಂದೊಂದೇ ಕ್ಯಾಂಪಸ್ ಆರಿಸಿ, ನಾಲ್ಕೈದು ಪುಟ ಪ್ರಿಂಟ್ ತೆಗೆದು ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಡಿ. ಎಲ್ಲದರಲ್ಲೂ ಇರುವ ಕೋರ್ಸ್‌ಗಳಿಗೆ ಗುರುತು ಹಾಕಿ. ಅವೇ ಮೊದಲು.

ಮೇಜರ್ ಹೆಸರು ಹುಡುಕುವಾಗ ಹುಷಾರು. ಬರ್ಕ್ಲಿ ಮತ್ತು ಯುಸಿಎಲ್‌ಎಯಲ್ಲಿ (ಲಾಸ್ ಏಂಜಲೀಸ್ ಕ್ಯಾಂಪಸ್) ಆಸ್ಟ್ರೋಫಿಸಿಕ್ಸ್ ಅಂತಲೇ ಇದೆ. ಸಾಂತಾ ಕ್ರೂಜ್‌ನಲ್ಲಿ ಅದು ಫಿಸಿಕ್ಸ್ ವಿಭಾಗದ ಡಿಗ್ರಿ. ಸಾಂತಾ ಬಾರ್ಬರಾದಲ್ಲಿ ಫಿಸಿಕ್ಸ್ ನೋಡಿ. ಹೆಸರಿಲ್ಲ ಅಂತ ಆ ಕ್ಯಾಂಪಸ್ ಬಿಡಬೇಡಿ. ಮುಂದೆ ಪಿಎಚ್‌ಡಿಗೆ ಫಿಸಿಕ್ಸ್ ಡಿಗ್ರಿಯೂ ಅಷ್ಟೇ ಒಳ್ಳೆಯದು. ಇನ್ನೊಂದು, ಲಿಕ್ ವೀಕ್ಷಣಾಲಯ ನೋಡಿಕೊಳ್ಳುವ ಯುಸಿ ಸಂಸ್ಥೆಯ ಕೇಂದ್ರ ಕಚೇರಿ ಇರುವುದೇ ಸಾಂತಾ ಕ್ರೂಜ್‌ನಲ್ಲಿ. ಮಗಳಿಗೆ ಇದನ್ನು ಹೇಳಿ, ಖುಷಿಪಡುತ್ತಾಳೆ.

ಅಸಿಸ್ಟ್‌ನಲ್ಲಿ ಎರಡು ಕಡೆ ಜನ ಎಡವುತ್ತಾರೆ. ಬರ್ಕ್ಲಿಯ ಒಂದು ಗಣಿತ ಕೋರ್ಸಿನಲ್ಲಿ ಲಿನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಶನ್ಸ್ ಎರಡೂ ಸೇರಿವೆ. ಅದಕ್ಕೆ ಸಮ ಆಗಬೇಕಾದರೆ ಇಲ್ಲಿ 2ಎ, 2ಬಿ ಎರಡೂ ಬೇಕು. ಒಂದು ಮಾಡಿ ಸಾಕು ಅಂದುಕೊಂಡವರನ್ನು ನೋಡಿದ್ದೇನೆ. ಇನ್ನೊಂದು, ಫಿಸಿಕ್ಸ್ ಸರಣಿ ಎಷ್ಟೋ ಕಡೆ ಪೂರ್ತಿ ಮುಗಿಸಿದರೇ ಲೆಕ್ಕ. 4ಎ ಒಂದು ಕಾಲೇಜಿನಲ್ಲಿ, 4ಬಿ ಇನ್ನೊಂದರಲ್ಲಿ ಮಾಡಿದರೆ ಹೊಂದದೆ ಹೋಗಬಹುದು. ಡಿ ಆಂಜಾ, ಫುಟ್‌ಹಿಲ್ ಕ್ವಾರ್ಟರ್ ಪದ್ಧತಿ, ಸುತ್ತಲಿನ ಹೆಚ್ಚಿನ ಕಾಲೇಜುಗಳು ಸೆಮಿಸ್ಟರ್. ಅಲ್ಲಿ ಪಾಠ ಹಂಚಿರುವ ರೀತಿಯೇ ಬೇರೆ. ರಾಜ್ಯದಾದ್ಯಂತ ಕೋರ್ಸ್ ನಂಬರ್‌ಗಳೂ ಒಂದೊಂದಾಗಿ ಬದಲಾಗುತ್ತಿವೆ, ಹಾಗಾಗಿ ನಂಬರ್ ಜೊತೆ ಹೆಸರನ್ನೂ ನೋಡಿ.

ತುಂಗಾತೀರ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಬೆಟ್ಟದ ದಾರಿಯವರ ಲೆಕ್ಕ ಕಾಗದದ ಮೇಲೆ ಸರಿ. ಆದರೆ ನನ್ನ ಮಗ ಹಾಗೇ ಓಡಿ ಬಿದ್ದ.

ಕ್ವಾರ್ಟರ್ ಅಂದರೆ ಹನ್ನೆರಡು ವಾರ. ಮೂರನೇ ವಾರಕ್ಕೆ ಪರೀಕ್ಷೆ ಶುರು. ಅವನು ಗಣಿತ, ಫಿಸಿಕ್ಸ್, ಪ್ರೋಗ್ರಾಮಿಂಗ್ ಮೂರೂ ಒಟ್ಟಿಗೆ ತೆಗೆದುಕೊಂಡ. ಕಾಲೇಜಿನ ಕೌನ್ಸೆಲರ್ ಒಬ್ಬರು "ಎಲ್ಲರೂ ಮಾಡುತ್ತಾರೆ" ಅಂದರು, ನಾವೂ ನಂಬಿದೆವು. ಮಲ್ಟಿವೇರಿಯಬಲ್ ಕ್ಯಾಲ್ಕುಲಸ್‌ನಲ್ಲಿ ಡಿ ಬಂತು. ಹುಡುಗ ಎರಡು ತಿಂಗಳು ನಮ್ಮ ಜೊತೆ ಸರಿಯಾಗಿ ಮಾತೇ ಆಡಲಿಲ್ಲ. ನನಗೆ ಇಂದಿಗೂ ಆ ದಿನಗಳು ನೆನಪಾದರೆ ಹೊಟ್ಟೆ ಹಿಂಡುತ್ತದೆ.

ಆಮೇಲೆ ಮೂರು ವರ್ಷ ತೆಗೆದುಕೊಂಡ. ಕೋರ್ಸ್ ಮತ್ತೆ ಮಾಡಿದ. ಟ್ರಾನ್ಸ್‌ಫರ್ ಆದ, ಈಗ ಚೆನ್ನಾಗಿದ್ದಾನೆ. ಮಗಳಿಗೆ ಗಣಿತ ಭಯ ಅಂದಿರಿ. ಹಾಗಿದ್ದರೆ ಮೂರು ವರ್ಷದ ಪ್ಲಾನ್ ಕೂಡ ಒಂದು ಬರೆದಿಡಿ. ನಾಚಿಕೆ ಏನೂ ಇಲ್ಲ.

ಬೆಟ್ಟದ_ದಾರಿ

ತುಂಗಾತೀರ ಅವರೇ, ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್. ನೀವು ಹೇಳಿದ್ದು ನನ್ನ ಮಾತಿಗಿಂತ ಮುಖ್ಯ. ನಾನೂ ಮೂರು ವರ್ಷ ತೆಗೆದುಕೊಂಡೆ, ಅದನ್ನು ಮೊದಲೇ ಹೇಳಬೇಕಿತ್ತು.

ಎರಡಕ್ಕೂ ಹೊಂದುವ ದಾರಿ ಒಂದಿದೆ. ಮೊದಲ ಕ್ವಾರ್ಟರ್‌ನಲ್ಲಿ 1ಎ ಇರಲಿ, ಆದರೆ ಕಷ್ಟದ ಕೋರ್ಸ್ ಅದೊಂದೇ ಇರಲಿ. ಜೊತೆಗೆ ಇಂಗ್ಲಿಷ್, ಅವಳ ಆಸ್ಟ್ರಾನಮಿ. ಪೈಥಾನ್ ಮುಂದಿನ ಬೇಸಿಗೆಗೆ ಹೋಗಲಿ. ಒಂದು ಗಣಿತ ಹಿಂದೆ ಬಿದ್ದರೂ ಬೇಸಿಗೆಯಲ್ಲಿ ಮಾಡಬಹುದು. ಆದರೆ ಬೇಸಿಗೆ ಕೋರ್ಸ್ ಆರೇ ವಾರಕ್ಕೆ ಮುಗಿಯುವುದಾದರೆ ಬೇಡ.

ಯೂನಿಟ್ ಲೆಕ್ಕ ನೋಡಿ. ಟ್ರಾನ್ಸ್‌ಫರ್‌ಗೆ 90 ಕ್ವಾರ್ಟರ್ ಯೂನಿಟ್ (ಕೋರ್ಸ್ ಮುಗಿಸಿದರೆ ಸಿಗುವ ಕ್ರೆಡಿಟ್) ಬೇಕು. ಆರು ಗಣಿತ ಕೋರ್ಸ್‌ಗೆ 30, ನಾಲ್ಕು ಫಿಸಿಕ್ಸ್‌ಗೆ 24. ಒಟ್ಟು 54. ಉಳಿದದ್ದು 36. ಅದರಲ್ಲಿ ಎರಡು ಇಂಗ್ಲಿಷ್ ಬರವಣಿಗೆ ಕೋರ್ಸ್ ಯುಸಿಗೆ ಕಡ್ಡಾಯ. ಮಿಕ್ಕಿದ್ದರಲ್ಲಿ ಇತಿಹಾಸ, ಕಲೆ, ಪೈಥಾನ್. ಸಾಮಾನ್ಯ ಶಿಕ್ಷಣದ ಇಡೀ ಪಟ್ಟಿಯನ್ನು ಇಲ್ಲೇ ಮುಗಿಸಬೇಕು ಅಂತ ಒತ್ತಡ ಹಾಕಿಕೊಳ್ಳಬೇಡಿ. ಯುಸಿ ಕನಿಷ್ಠ ಕೇಳುವುದು ಏಳು ಕೋರ್ಸ್‌ಗಳ ಒಂದು ಗುಂಪು, ಅದರಲ್ಲಿ ಗಣಿತವೂ ಬರುತ್ತದೆ. ಸೈನ್ಸ್ ಮೇಜರ್‌ನಲ್ಲಿ ತಯಾರಿ ಕೋರ್ಸ್‌ಗಳೇ ಮುಖ್ಯ, ಉಳಿದ ಸಾಮಾನ್ಯ ಶಿಕ್ಷಣದ ಕೋರ್ಸ್‌ಗಳನ್ನು ಅಲ್ಲಿಗೆ ಹೋದ ಮೇಲೂ ಮಾಡಬಹುದು.

ಹಾಸನದಮ್ಮ_ಸನಿವೇಲ್

ತುಂಗಾತೀರ ಅವರೇ, ನಿಮ್ಮ ಮಗನ ವಿಷಯ ಓದಿ ಕಣ್ಣು ತುಂಬಿತು. ಮಗಳೂ ಓದಿದಳು. ಏನೂ ಮಾತಾಡಲಿಲ್ಲ, ಆದರೆ ರಾತ್ರಿ ಬಂದು "ಅಮ್ಮ, ಮೂರು ವರ್ಷ ಆದರೂ ಬೈಯಲ್ಲ ಅಲ್ವಾ?" ಅಂದಳು.

ಟ್ಯಾಗ್ ಅಂತ ಏನೋ ಕೇಳಿದೆ. ಅದೇನು? ಮತ್ತೆ ನಾವು ಎಚ್4 ವೀಸಾದಲ್ಲಿದ್ದೇವೆ (ಕೆಲಸದ ವೀಸಾದಲ್ಲಿರುವವರ ಹೆಂಡತಿ, ಮಕ್ಕಳಿಗೆ ಕೊಡುವುದು), ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿದ್ದೇವೆ. ಮಗಳ ಪ್ಲಾನ್‌ಗೂ ವೀಸಾಕ್ಕೂ ಏನಾದರೂ ಸಂಬಂಧ ಇದೆಯಾ?

ಫ್ರೀಮಾಂಟ್_ರಾಯರು

ತುಂಬಾ ಸಂಬಂಧ ಇದೆಯಮ್ಮ. ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನನ್ನ ಇಬ್ಬರು ಮಕ್ಕಳೂ ಇದನ್ನು ದಾಟಿ ಬಂದವರು.

ಮಗುವಿಗೆ 21 ತುಂಬಿದರೆ ಎಚ್4 ಮುಗಿಯುತ್ತದೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದಿದ್ದರೆ ಸಾಮಾನ್ಯವಾಗಿ ಎಫ್1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಈಗ 18. ಎರಡು ವರ್ಷದ ಪ್ಲಾನ್ ಆದರೆ ಟ್ರಾನ್ಸ್‌ಫರ್ ಆದ ಹೊಸದರಲ್ಲಿ ಬದಲಾವಣೆ ಬರುತ್ತದೆ. ಮೂರು ವರ್ಷದ್ದಾದರೆ ಕಮ್ಯುನಿಟಿ ಕಾಲೇಜಿನಲ್ಲಿರುವಾಗಲೇ ಬರಬಹುದು. ಎಚ್4ನಲ್ಲಿರುವವರು ಕ್ಯಾಲಿಫೋರ್ನಿಯಾ ನಿವಾಸಿ ಅಂತ ತೋರಿಸಿ ನಿವಾಸಿ ಫೀ ಕಟ್ಟಬಹುದು, ಕಮ್ಯುನಿಟಿ ಕಾಲೇಜಿನಲ್ಲಿ ಅದು ಬಹಳ ಕಡಿಮೆ. ಎಫ್1 ಆದರೆ ಆ ಲೆಕ್ಕವೇ ಬದಲಾಗಬಹುದು. ಯುಸಿಯಲ್ಲಿ ಹೊರಗಿನವರಿಗೆ ವರ್ಷಕ್ಕೆ 30 ಸಾವಿರ ಡಾಲರ್‌ಗಿಂತ ಜಾಸ್ತಿ ಹೆಚ್ಚುವರಿ ಟ್ಯೂಷನ್ ಇದೆ. ನಿಮ್ಮ ಗ್ರೀನ್ ಕಾರ್ಡ್ ಅರ್ಜಿಯ ದಿನಾಂಕದ ಮೇಲೆ ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಸಿಗುವ ಕಾನೂನೂ ಇದೆ. ಅದನ್ನು ವಕೀಲರ ಹತ್ತಿರವೇ ಕೂತು ಕೇಳಿ. ಈಗಲೇ, ಮೂರನೇ ವರ್ಷದಲ್ಲಲ್ಲ.

ಟ್ಯಾಗ್ ಅಂದರೆ ಟ್ರಾನ್ಸ್‌ಫರ್ ಸೀಟಿನ ಭರವಸೆ. ಹೇಳಿದ ಕೋರ್ಸ್‌ಗಳನ್ನು ಹೇಳಿದ ಗ್ರೇಡಿನಲ್ಲಿ ಮುಗಿಸಿದರೆ ಸೀಟು ಖಚಿತ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರರಲ್ಲಿ ಮಾತ್ರ ಇದೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊಗಳಲ್ಲಿ ಇಲ್ಲ. ಒಂದೇ ಕ್ಯಾಂಪಸ್‌ಗೆ ಹಾಕಬಹುದು, ಸೆಪ್ಟೆಂಬರ್ ತಿಂಗಳಲ್ಲಿ. ನಿಮ್ಮ ಮೇಜರ್ ಆ ವರ್ಷ ಟ್ಯಾಗ್‌ನಲ್ಲಿ ಇದೆಯಾ ನೋಡಿಕೊಳ್ಳಿ. ಟ್ಯಾಗ್ ಹಾಕಿದರೂ ಅಕ್ಟೋಬರ್, ನವೆಂಬರ್‌ನಲ್ಲಿ ಮಾಮೂಲಿ ಯುಸಿ ಅರ್ಜಿ ಹಾಕಲೇಬೇಕು, ಅದರಲ್ಲಿ ಬೇರೆ ಕ್ಯಾಂಪಸ್‌ಗಳನ್ನೂ ಸೇರಿಸಬಹುದು. ಯುಸಿಎಲ್‌ಎ ಆಸೆ ಇದ್ದರೆ ಕಾಲೇಜಿನ ಆನರ್ಸ್ ಕಾರ್ಯಕ್ರಮದ ಮೂಲಕ ಟ್ಯಾಪ್ ಅಂತ ಒಂದು ಆದ್ಯತೆಯ ದಾರಿ ಇದೆ, ವಿಚಾರಿಸಿ.

ಜೊತೆಗೆ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಥರದ ಕ್ಯಾಲ್ ಸ್ಟೇಟ್‌ಗಳನ್ನೂ (ಯುಸಿ ಅಲ್ಲದ, ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ವ್ಯವಸ್ಥೆ) ನೋಡಿ. ಫಿಸಿಕ್ಸ್ ಟ್ರಾನ್ಸ್‌ಫರ್ ಅಸೋಸಿಯೇಟ್ ಡಿಗ್ರಿ ಮುಗಿಸಿದರೆ ಆ ವ್ಯವಸ್ಥೆಯ ಯಾವುದಾದರೂ ಒಂದು ಕ್ಯಾಂಪಸ್‌ನಲ್ಲಿ ಸೀಟು ಖಾತ್ರಿ.

ನಂಜನಗೂಡು_ರಸಬಾಳೆ

ರಾಯರ ಮಾತಿಗೆ ಇನ್ನೊಂದು ಸೇರಿಸುತ್ತೇನೆ, ಕೇಳಲು ಬೇಜಾರಾದರೂ. ಬೇಸಿಗೆಯಲ್ಲಿ ಎನ್‌ಎಸ್‌ಎಫ್ (ವಿಜ್ಞಾನಕ್ಕೆ ದುಡ್ಡು ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ) ದುಡ್ಡಿನಲ್ಲಿ ಡಿಗ್ರಿ ಓದುವ ಮಕ್ಕಳಿಗಾಗಿ ನಡೆಯುವ ಆರ್‌ಇಯು ಸಂಶೋಧನಾ ಕಾರ್ಯಕ್ರಮಗಳಿವೆ. ಖಗೋಳದಲ್ಲಿ ಅವು ತುಂಬಾ ಬೆಲೆ ಇರುವಂಥವು. ಆದರೆ ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಎಚ್4, ಎಫ್1 ಮಕ್ಕಳಿಗೆ ಸಿಗುವುದಿಲ್ಲ. ನಾಸಾದ ನೇರ ಸರ್ಕಾರಿ ಕೆಲಸವೂ ಪೌರರಿಗೇ.

ಇದರಿಂದ ಬಾಗಿಲು ಮುಚ್ಚಿತು ಅಂತಲ್ಲ. ಟ್ರಾನ್ಸ್‌ಫರ್ ಆದ ಮೊದಲ ಕ್ವಾರ್ಟರ್‌ನಲ್ಲೇ ಪ್ರೊಫೆಸರ್‌ಗಳಿಗೆ ಬರೆದು ಅವರ ಗುಂಪಿನಲ್ಲಿ ಸಂಬಳದ ಬದಲು ಯೂನಿಟ್‌ಗೆ ಕೆಲಸ ಕೇಳಲಿ. ದೂರದರ್ಶಕಗಳ ಡೇಟಾ ಬಹಳಷ್ಟು ಎಲ್ಲರಿಗೂ ಮುಕ್ತವಾಗಿದೆ. ಪೈಥಾನ್ ಬಂದರೆ ಮನೆಯಲ್ಲೇ ಕೂತು ಒಂದು ನಕ್ಷತ್ರದ ಬೆಳಕು ಏರಿಳಿಯುವುದನ್ನು ಗ್ರಾಫ್ ಮಾಡಬಹುದು. ಅಂಥದ್ದೊಂದು ತೋರಿಸಿದ ಹುಡುಗಿಯನ್ನು ನಮ್ಮ ಗುಂಪಿನಲ್ಲಿ ಕೂಡಲೇ ತೆಗೆದುಕೊಂಡರು. ಮತ್ತೆ ಪಿಎಚ್‌ಡಿಗೆ ಇಲ್ಲಿ ಸಾಮಾನ್ಯವಾಗಿ ಫೀ ಇರುವುದಿಲ್ಲ, ಸ್ಟೈಪೆಂಡ್ ಕೊಡುತ್ತಾರೆ, ವಿದೇಶಿಯರಿಗೂ. ನಾನೂ ಹಾಗೇ ಓದುತ್ತಿರುವುದು.

ಹಾಸನದಮ್ಮ_ಸನಿವೇಲ್

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಭಾನುವಾರ ಅಸಿಸ್ಟ್ ಪುಟಗಳನ್ನು ಪ್ರಿಂಟ್ ತೆಗೆದು ಮೂವರೂ ಕೂತೆವು. ಬರ್ಕ್ಲಿ, ಸಾಂತಾ ಕ್ರೂಜ್, ಸಾಂತಾ ಬಾರ್ಬರಾ, ಲಾಸ್ ಏಂಜಲೀಸ್. ಅವಳೇ ಹಳದಿ ಪೆನ್ನಿನಲ್ಲಿ ಗುರುತು ಹಾಕಿದಳು. ಗಣಿತ, ಫಿಸಿಕ್ಸ್ ಹೆಚ್ಚುಕಡಿಮೆ ಎಲ್ಲದರಲ್ಲೂ ಅದೇ. ಎರಡು ವರ್ಷದ್ದು ಒಂದು, ಮೂರು ವರ್ಷದ್ದು ಒಂದು, ಎರಡು ಪ್ಲಾನ್ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇವೆ. ವಕೀಲರ ಅಪಾಯಿಂಟ್‌ಮೆಂಟ್ ಮುಂದಿನ ಮಂಗಳವಾರ.

ಮೊದಲ ಕ್ವಾರ್ಟರ್: ಗಣಿತ 1ಎ, ಇಂಗ್ಲಿಷ್, ಒಂದು ಆಸ್ಟ್ರಾನಮಿ. ರಿಜಿಸ್ಟರ್ ಮಾಡಲು ಹೋದರೆ 1ಎ ಸೀಟು ತುಂಬಿಹೋಗಿದೆ. ವೇಟ್‌ಲಿಸ್ಟ್‌ನಲ್ಲಿ ನಾಲ್ಕನೆಯವಳು. ಈಗ ಏನು ಮಾಡುವುದು?

ಬೆಟ್ಟದ_ದಾರಿ

ಗಾಬರಿ ಬೇಡ ಅಕ್ಕ, ನಾಲ್ಕು ಅಂದರೆ ಆಸೆ ಇದೆ. ಫೀ ಕಟ್ಟದೆ ಬಿಟ್ಟುಹೋಗುವವರು, ಮೊದಲ ವಾರ ಬರದವರು ಇದ್ದೇ ಇರುತ್ತಾರೆ. ವೇಟ್‌ಲಿಸ್ಟ್‌ನಿಂದ ಹೆಸರು ತೆಗೆಯಬೇಡಿ. ದಿನಾ ಬೆಳಿಗ್ಗೆ ಇಮೇಲ್ ನೋಡಲಿ, ಸೀಟು ಬಂದಾಗ ಬೇಗ ಒಪ್ಪಿಕೊಳ್ಳಬೇಕು. ಬೇರೆ ಹೊತ್ತಿನ 1ಎ ಕ್ಲಾಸ್‌ಗಳನ್ನೂ ನೋಡಿ, ಸಂಜೆಯದ್ದು ಹಲವು ಸಲ ಖಾಲಿ ಇರುತ್ತದೆ. ಎಲ್ಲೂ ಸಿಗದಿದ್ದರೆ ಮೊದಲ ದಿನ ಪುಸ್ತಕ ಹಿಡಿದುಕೊಂಡು ಕ್ಲಾಸಿಗೇ ಹೋಗಿ ಕೂರಲಿ, ಮುಗಿದ ಮೇಲೆ ಪ್ರೊಫೆಸರ್ ಹತ್ತಿರ ಆಡ್ ಕೋಡ್ (ತುಂಬಿದ ಕ್ಲಾಸಿಗೆ ಸೇರಲು ಕೊಡುವ ಕೋಡ್) ಕೇಳಲಿ. ನನಗೆ 4ಬಿ ಸಿಕ್ಕಿದ್ದು ಹಾಗೇ, ಎರಡನೇ ವಾರದಲ್ಲಿ.

ಹಾಸನದಮ್ಮ_ಸನಿವೇಲ್

ಸಂಜೆ 6:30ರ ಕ್ಲಾಸಿನಲ್ಲಿ ಎರಡು ಸೀಟು ಇತ್ತು. ಈಗಷ್ಟೇ ಹಾಕಿದೆವು. ಅವರಪ್ಪ ಆಫೀಸಿನಿಂದ ಬರುವಾಗ ಕರೆದುಕೊಂಡು ಬರುತ್ತಾರೆ.